ಚೌಬಾರಾ ಓಣಿಯಲ್ಲಿ 42 ಜನ, ಹೆಡ್‌ಸೆಟ್‌ನಲ್ಲಿ 34 ಎಫ್‌ಪಿಎಸ್ (ಸೆಕೆಂಡಿಗೆ 34 ಫ್ರೇಮ್). ಏನು ಕಡಿಮೆ ಮಾಡಲಿ?

ಚೌಬಾರಾ_ಹುಡುಗ:

ಎಲ್ಲರಿಗೂ ನಮಸ್ಕಾರ. ಬೀದರ್‌ನಲ್ಲಿ ಇಂಜಿನಿಯರಿಂಗ್ ಕೊನೇ ವರ್ಷ ಓದುತ್ತಿದ್ದೇನೆ. ನಾವು ನಾಲ್ಕು ಜನ ಸೇರಿ ಒಂದು ವಿಆರ್ (ವರ್ಚುವಲ್ ರಿಯಾಲಿಟಿ) ಪ್ರಾಜೆಕ್ಟ್ ಮಾಡುತ್ತಿದ್ದೇವೆ. ಹಳೇ ಊರಿನ ಚೌಬಾರಾ ಗೋಪುರದ ಹತ್ತಿರ ಒಂದು ಬಿದ್ರಿ ಅಂಗಡಿ. ಹೆಡ್‌ಸೆಟ್ ಹಾಕಿಕೊಂಡವರು ಗಿರಾಕಿ ತರಹ ಒಳಗೆ ಕೂತಿರುತ್ತಾರೆ. ಎದುರಿಗೆ ಕೆಲಸಗಾರ ಒಬ್ಬ ಹೂದಾನಿ ಮೇಲೆ ಉಳಿ ಹೊಡೆಯುತ್ತಿರುತ್ತಾನೆ, ಹೊರಗೆ ರಸ್ತೆಯಲ್ಲಿ ಜನ ಓಡಾಡುತ್ತಿರುತ್ತಾರೆ. ಅಷ್ಟೇ ದೃಶ್ಯ.

ಲ್ಯಾಪ್‌ಟಾಪ್‌ನಲ್ಲಿ ಬೆಣ್ಣೆ ಹಾಗೆ ಓಡುತ್ತದೆ. ಕ್ವೆಸ್ಟ್ 2 ಹೆಡ್‌ಸೆಟ್‌ಗೆ ಹಾಕಿದರೆ 31ರಿಂದ 38 ಎಫ್‌ಪಿಎಸ್, ಹೆಚ್ಚು ಹೊತ್ತು 34. ಬೇಕಾಗಿರೋದು 72.

ವಿವರ ಹೇಳುತ್ತೇನೆ. ಗೇಮ್ ಇಂಜಿನ್ ಯೂನಿಟಿ, ಚಿತ್ರ ಬಿಡಿಸೋದು ಅದರ ಯುಆರ್‌ಪಿ. ಒಟ್ಟು 42 ಅವತಾರ್, ಅಂದರೆ ತ್ರೀಡಿ ಮನುಷ್ಯರು. ಒಬ್ಬೊಬ್ಬರಿಗೆ ಮೈ ಕಟ್ಟಿರೋ ಸುಮಾರು 15,000 ತ್ರಿಕೋನ, ಅದನ್ನು ಆಡಿಸೋ 65 ಬೋನ್ (ಒಳಗಿನ ಎಲುಬು), ಮೈ, ಅಂಗಿ, ಪ್ಯಾಂಟು ಅಥವಾ ಧೋತರ, ಟೊಪ್ಪಿಗೆ, ಚಪ್ಪಲಿ ಅಂತ ಐದು ಬೇರೆ ಬೇರೆ ಮೆಶ್ (ತ್ರಿಕೋನಗಳ ಜಾಲ). ಎಲ್ಲರಿಗೂ ಮಿಕ್ಸಮೋ ಸೈಟಿನಿಂದ ತಂದ ರೆಡಿಮೇಡ್ ನಡಿಗೆ. ನೆರಳು ಆನ್ ಇದೆ.

ನಮ್ಮ ಟೀಮಿನವನೊಬ್ಬ ಹತ್ತು ಜನ ಸಾಕು ಅನ್ನುತ್ತಾನೆ. ಹತ್ತೇ ಜನ ಇದ್ದರೆ ಅದು ಚೌಬಾರಾ ಹೇಗಾಗುತ್ತದೆ, ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಯ ಚೌಬಾರಾ ಆಗುತ್ತದೆ.

ಇನ್ನೊಂದು ಸಂಗತಿ. ಮನೆಯಲ್ಲಿ ಚಿಗವ್ವನಿಗೆ ಹಾಕಿ ತೋರಿಸಿದೆ. ಎರಡು ನಿಮಿಷಕ್ಕೆ ತೆಗೆದುಬಿಟ್ಟಳು. ತಲೆ ತಿರುಗುತ್ತದೆ ಅಂದಳು, ಅದು ಫ್ರೇಮ್‌ರೇಟ್ ತಪ್ಪು ಅಂತ ಗೊತ್ತು. ಆದರೆ ಆಮೇಲೆ "ಆ ಮನಷ್ಯಾನ ಕೈ ಯಾಕೋ ಮೇಣದ ಗೊಂಬಿ ಕೈ ಇದ್ದಂಗ ಅದ" ಅಂದಳು. ಆ ಕೈಗೆ ಒಳ್ಳೆ ಟೆಕ್ಸ್ಚರ್ (ಮೇಲೆ ಅಂಟಿಸೋ ಚಿತ್ರ) ಹಾಕಿದ್ದೇವೆ, ಉಗುರಿನ ಕೊಳೆ ಕೂಡ ಇದೆ. ಏನು ತಪ್ಪಾಗಿದೆ ಅಂತ ತಿಳಿಯುತ್ತಿಲ್ಲ. ವಿಡಿಯೋ ಕೆಳಗೆ ಹಾಕಿದ್ದೇನೆ, ನೋಡಿ ಹೇಳಿ.


ತೊಗರಿ_ಕಣಜ:

ತಮ್ಮ, ಏನು ಕಡಿಮೆ ಮಾಡಲಿ ಅಂತ ಕೇಳೋ ಮುಂಚೆ ಎಲ್ಲಿ ಸೋರುತ್ತಿದೆ ಅಂತ ನೋಡು. ನಾನು ಕಲಬುರಗಿಯಲ್ಲಿ ಕೂತು ಮೊಬೈಲ್ ಗೇಮ್ ಕೆಲಸ ಮಾಡುತ್ತೇನೆ. ಹೋದ ವರ್ಷ ಒಂದು ವಿಆರ್ ಕೆಲಸ ಬಂದಿತ್ತು, ಯಾರದು ಅಂತ ಬೇಡ. ಮೂರು ವಾರ ತ್ರಿಕೋನ ಕಡಿಮೆ ಮಾಡುತ್ತಾ ಕೂತೆವು. ಒಂದು ಎಫ್‌ಪಿಎಸ್ ಕೂಡ ಏರಲಿಲ್ಲ. ಯಾಕೆಂದರೆ ತೊಂದರೆ ಲೆಕ್ಕ ಮಾಡೋ ಸಿಪಿಯುನಲ್ಲಿತ್ತು, ನಾವು ಚಿತ್ರ ಬಿಡಿಸೋ ಜಿಪಿಯುಗೆ ಔಷಧಿ ಕುಡಿಸುತ್ತಿದ್ದೆವು.

72 ಹರ್ಟ್ಸ್ ಅಂದರೆ ಒಂದು ಫ್ರೇಮಿಗೆ 13.9 ಮಿಲಿಸೆಕೆಂಡ್. ನಿನಗೆ ಈಗ ಹತ್ತಿರ ಹತ್ತಿರ 29 ಹಿಡಿಯುತ್ತಿದೆ. ಎರಡು ಸಣ್ಣ ಪರೀಕ್ಷೆ ಮಾಡು. ಎರಡನ್ನೂ ಹೆಡ್‌ಸೆಟ್ ಮೇಲೇ ಮಾಡಬೇಕು, ಲ್ಯಾಪ್‌ಟಾಪ್ ಸುಳ್ಳು ಹೇಳುತ್ತದೆ. ಮೊದಲು ರೆಂಡರ್ ಸ್ಕೇಲ್, ಅಂದರೆ ಬಿಡಿಸೋ ಚಿತ್ರದ ಗಾತ್ರ, ಅರ್ಧ ಮಾಡು. ಎಫ್‌ಪಿಎಸ್ ಜಿಗಿದರೆ ಪಿಕ್ಸೆಲ್ ಕೆಲಸ ಜಾಸ್ತಿ, ಅಂದರೆ ಶೇಡರ್ (ಜಿಪಿಯುನಲ್ಲಿ ಓಡೋ ಸಣ್ಣ ಪ್ರೋಗ್ರಾಮ್), ಲೈಟು ನೋಡಬೇಕು. ಅಲ್ಲಾಡದಿದ್ದರೆ ಹಾಗೇ ಬಿಟ್ಟು ಮೈ ಆಡಿಸೋ ಅನಿಮೇಟರ್‌ಗಳನ್ನೆಲ್ಲ ಆಫ್ ಮಾಡು. ಜನ ಕೈ ಚಾಚಿಕೊಂಡು ಶಿಲುಬೆ ತರಹ ನಿಲ್ಲುತ್ತಾರೆ, ನಿಲ್ಲಲಿ. ಆಗ ಎಫ್‌ಪಿಎಸ್ ಏರಿದರೆ ಕಳ್ಳ ಸಿಕ್ಕ.

ನನ್ನ ಊಹೆ, ಕಳ್ಳ ಅಲ್ಲೇ ಇದ್ದಾನೆ. 42 ಜನರಿಗೆ 65 ಬೋನ್ ಅಂದರೆ 2,730 ಬೋನ್. ಪ್ರತಿ ಫ್ರೇಮಿಗೂ ಅಷ್ಟಕ್ಕೂ ತಿರುವು ಲೆಕ್ಕ ಹಾಕಿ, ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಗುಣಿಸಿಕೊಂಡು ಹೋಗಬೇಕು. ಸೆಕೆಂಡಿಗೆ 72 ಸಲ. ಅದರ ಮೇಲೆ ಐದೈದು ಮೆಶ್, ಅಂದರೆ 210 ತುಂಡು. ನೆರಳಿಗೆ ಇನ್ನೊಮ್ಮೆ ಬಿಡಿಸಬೇಕು, 420. ಇದು ಹೆಡ್‌ಸೆಟ್ ಹೌದು, ಆದರೆ ಒಳಗಿರೋದು ಫೋನಿನ ಚಿಪ್ಪಿನ ಅಣ್ಣತಮ್ಮ. ಎಷ್ಟಂತ ಹೊರುತ್ತದೆ?

ಒಂದೇ ಸಂಜೆಯಲ್ಲಿ ಆಗೋ ಕೆಲಸ ಹೇಳುತ್ತೇನೆ. ಮಿಕ್ಸಮೋದಲ್ಲಿ ರಿಗ್ ಮಾಡುವಾಗ, ಅಂದರೆ ಮೈಯೊಳಗೆ ಬೋನ್ ಕೂರಿಸುವಾಗ, ಬೆರಳಿನ ಆಯ್ಕೆ ಕೇಳುತ್ತದೆ, ನೋಡಿರಬೇಕು. ಎಲ್ಲ ಬೆರಳು ಇದ್ದರೆ 65 ಬೋನ್, ಬೆರಳೇ ಇಲ್ಲದಿದ್ದರೆ 25. ಅಂದರೆ ನಿನ್ನ ಲೆಕ್ಕದಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ಬೆರಳು! ಇಪ್ಪತ್ತು ಅಡಿ ದೂರ ತರಕಾರಿ ಚೀಲ ಹಿಡಿದು ಹೋಗುವವನ ಕಿರುಬೆರಳಿನ ಮೂರನೇ ಗೆಣ್ಣು ಯಾರು ನೋಡುತ್ತಾರೆ? ರಸ್ತೆಯವರಿಗೆಲ್ಲ 25 ಹಾಕು. ಐದು ಮೆಶ್ ಸೇರಿಸಿ ಒಂದು ಮಾಡು, ಟೆಕ್ಸ್ಚರ್‌ಗಳನ್ನು ಒಂದೇ ಹಾಳೆಗೆ ತಾ. ನೆರಳು ತೆಗೆದು ಕಾಲಡಿ ಒಂದು ಮಸುಕು ಕಪ್ಪು ಚುಕ್ಕೆ ಇಡು. ಸ್ಕಿನ್ ವೇಟ್, ಅಂದರೆ ಮೈಯ ಒಂದು ಬಿಂದುವನ್ನು ಎಳೆಯೋ ಬೋನ್‌ಗಳ ಸಂಖ್ಯೆ, ನಾಲ್ಕರಿಂದ ಎರಡಕ್ಕೆ ಇಳಿಸು. ಇಂಪೋರ್ಟ್ ಸೆಟ್ಟಿಂಗ್‌ನಲ್ಲಿ ಆಪ್ಟಿಮೈಜ್ ಗೇಮ್ ಆಬ್ಜೆಕ್ಟ್ಸ್ ಟಿಕ್ ಮಾಡು. ಕಾಣದವರನ್ನು ಏನು ಮಾಡಬೇಕು ಅನ್ನೋ ಕಲ್ಲಿಂಗ್ ಮೋಡ್ ಆಲ್ವೇಸ್ ಅನಿಮೇಟ್ ಇದ್ದರೆ ತೆಗೆ, ಬೆನ್ನ ಹಿಂದೆ ನಡೆಯುವವರಿಗೆ ಸುಮ್ನೆ ಯಾಕೆ ಖರ್ಚು.

ಮತ್ತೆ ಒಂದು ಮಾತು, ಇದು ನಮ್ಮ ಕಡೆಯವರು ಮಾತ್ರ ಹೇಳೋದು. ಟೆಸ್ಟ್ ಮಾಡಿದಾಗ ಮೊದಲ ಎರಡು ನಿಮಿಷದ ಲೆಕ್ಕ ನಂಬಬೇಡ. ಇಲ್ಲಿ ಬೇಸಿಗೆಯಲ್ಲಿ 42 ಡಿಗ್ರಿ. ಚಿಪ್ ಬಿಸಿಯಾದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಫ್ಯಾನ್ ಕೆಳಗೆ ಇಪ್ಪತ್ತು ನಿಮಿಷ ಓಡಿಸಿ ಆಮೇಲೆ ಬರೆದುಕೋ. ಪ್ರದರ್ಶನದ ದಿನ ಕರೆಂಟ್ ಹೋದರೆ ಆ ಫ್ಯಾನೂ ಇರೋದಿಲ್ಲ.


ಶಹಾಪುರ_ಬೆಟ್ಟ:

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಅಷ್ಟು ಮಾಡಿದರೂ 72 ಮುಟ್ಟೋದು ಅನುಮಾನ. ನಾನು ಬೆಂಗಳೂರಲ್ಲಿ ಗೇಮ್ ಸ್ಟುಡಿಯೋದಲ್ಲಿದ್ದೇನೆ, ಗುಂಪು ಜನರನ್ನು ಓಡಾಡಿಸೋದೇ ಕೆಲಸ.

ಒಂದು ಪ್ರಶ್ನೆ ಕೇಳಿಕೋ. ಕೆಲಸಗಾರ, ಮೆಟ್ಟಿಲ ಹತ್ತಿರ ಬರೋ ಐದು ಜನ ಬಿಟ್ಟರೆ ರಸ್ತೆಯಲ್ಲಿ 36 ಜನ ನಡೆಯುತ್ತಿದ್ದಾರೆ. ನಡಿಗೆ ಎಲ್ಲರದೂ ಒಂದೇ. ಎಡಗಾಲು, ಬಲಗಾಲು, ಮತ್ತೆ ಎಡಗಾಲು. ಅದನ್ನು ಸಿಪಿಯು ಪ್ರತಿ ಸಲ ಹೊಸದಾಗಿ ಲೆಕ್ಕ ಹಾಕೋದು ಯಾಕೆ? ಒಂದು ಸಲ ಲೆಕ್ಕ ಹಾಕಿ ಬರೆದಿಟ್ಟುಕೊಂಡರೆ ಸಾಕಲ್ವಾ? ಎಲ್ಲಿ ಬರೆದಿಡೋದು ಅಂದರೆ, ಟೆಕ್ಸ್ಚರ್‌ನಲ್ಲಿ. ಬಣ್ಣದ ಬದಲು ಅದರ ಒಂದೊಂದು ಪಿಕ್ಸೆಲ್‌ನಲ್ಲಿ ಬೋನಿನ ಸ್ಥಾನ, ತಿರುವು ಇಡುತ್ತೇವೆ. ಜಿಪಿಯು ಓದಿಕೊಂಡು ಶೇಡರ್‌ನಲ್ಲೇ ಮೈ ಬಾಗಿಸುತ್ತದೆ. ಸಿಪಿಯುಗೆ ಕೆಲಸವೇ ಇಲ್ಲ. ಹೊಸದೇನೂ ಅಲ್ಲ, 2007ರಲ್ಲೇ ಎನ್ವಿಡಿಯಾದವರು ಇದೇ ದಾರಿಯಲ್ಲಿ ಸಾವಿರಾರು ಜನರ ಸೈನ್ಯ ಓಡಿಸಿ ತೋರಿಸಿದ್ದರು.

ಲೆಕ್ಕ ನೋಡು. ನಡಿಗೆಯ ಒಂದು ಸುತ್ತು 1.2 ಸೆಕೆಂಡ್ ಅಂದುಕೋ. ಸೆಕೆಂಡಿಗೆ 30ರಂತೆ ಹಿಡಿದರೆ 36 ಫ್ರೇಮ್. 25 ಬೋನ್, ಒಂದೊಂದಕ್ಕೆ ಮೂರು ಪಿಕ್ಸೆಲ್, ಅಂದರೆ ಒಂದು ಫ್ರೇಮಿಗೆ 75. ಒಟ್ಟು 2,700 ಪಿಕ್ಸೆಲ್. ಹಾಫ್ ಫ್ಲೋಟ್‌ನಲ್ಲಿ (ಒಂದು ಸಂಖ್ಯೆಗೆ 2 ಬೈಟ್, ಪಿಕ್ಸೆಲ್‌ಗೆ ನಾಲ್ಕು ಸಂಖ್ಯೆ) ಪಿಕ್ಸೆಲ್‌ಗೆ 8 ಬೈಟ್, ಎಲ್ಲ ಸೇರಿ ಸುಮಾರು 21 ಕೆಬಿ. ವಾಟ್ಸಾಪ್‌ನಲ್ಲಿ ಬರೋ ಗುಡ್ ಮಾರ್ನಿಂಗ್ ಚಿತ್ರ ಇದಕ್ಕಿಂತ ದೊಡ್ಡದಿರುತ್ತದೆ.

ಇದರ ಜೊತೆ ಜಿಪಿಯು ಇನ್‌ಸ್ಟನ್ಸಿಂಗ್. ಒಂದೇ ಮೆಶ್ಶಿನ ಹದಿನೈದು ಇಪ್ಪತ್ತು ಜನರನ್ನು ಒಂದೇ ಡ್ರಾ ಕಾಲ್‌ನಲ್ಲಿ, ಅಂದರೆ ಒಂದೇ ಅಪ್ಪಣೆಯಲ್ಲಿ, ಬಿಡಿಸಬಹುದು. ಒಬ್ಬೊಬ್ಬರಿಗೂ ಅಂಗಿ ಬಣ್ಣ, ವೇಗ, ಎಷ್ಟನೇ ಫ್ರೇಮಿನಿಂದ ಶುರು ಅನ್ನೋದು ಬೇರೆ ಕೊಡು. ಶುರುವಿನ ಫ್ರೇಮ್ ಬೇರೆ ಮಾಡಲೇಬೇಕು, ಇಲ್ಲದಿದ್ದರೆ ಎಲ್ಲರ ಎಡಗಾಲು ಒಟ್ಟಿಗೆ ಏಳುತ್ತದೆ, ಚೌಬಾರಾ ಹೋಗಿ ಆಗಸ್ಟ್ 15ರ ಪರೇಡ್ ಆಗುತ್ತದೆ. ವೇಗ ಬದಲಿಸಿದರೆ ಮುಂದೆ ಸಾಗೋ ದೂರವನ್ನೂ ಅದೇ ಪ್ರಮಾಣದಲ್ಲಿ ಬದಲಿಸು. ಇದನ್ನು ಮರೆತರೆ ಕಾಲು ನೆಲದ ಮೇಲೆ ಜಾರುತ್ತದೆ. ಹೆಡ್‌ಸೆಟ್‌ನಲ್ಲಿ ಅದು ಟಿವಿಗಿಂತ ಕೆಟ್ಟದಾಗಿ ಕಾಣುತ್ತದೆ, ಯಾಕೆಂದರೆ ನೆಲ ನಿನ್ನ ಕಾಲಡಿಯೇ ಇರುತ್ತದೆ.

ಇದರ ಕಷ್ಟ ಏನೆಂದರೆ ನಡೆಯುತ್ತಿದ್ದವನು ನಿಲ್ಲೋದು, ತಿರುಗೋದು. ಎರಡು ಕ್ಲಿಪ್ ಬೆರೆಸಿದರೆ ಓದೋ ಪಿಕ್ಸೆಲ್ ದುಪ್ಪಟ್ಟು. ನಾನಾದರೆ ಮೋಸ ಮಾಡುತ್ತೇನೆ. ಚೌಬಾರಾದ ಗೋಪುರ ನಡುವೆ ಗುಂಡಗೆ ದಪ್ಪಗೆ ನಿಂತಿದೆಯಲ್ಲ, ನಿಲ್ಲೋದು ತಿರುಗೋದು ಎಲ್ಲ ಅದರ ಹಿಂದೆ ಆಗಲಿ.

ಅಂಗಡಿ ಮೆಟ್ಟಿಲ ಹತ್ತಿರ ಬರೋ ಆ ಐದು ಜನರಿಗೆ ಮಾಮೂಲಿ ಅನಿಮೇಟರ್ ಇರಲಿ, ಆದರೆ ಎರಡು ಫ್ರೇಮಿಗೊಮ್ಮೆ ಅಪ್‌ಡೇಟ್ ಮಾಡು. ಅರ್ಧ ಜನರಿಗೆ ಸಮ ಫ್ರೇಮ್, ಅರ್ಧ ಜನರಿಗೆ ಬೆಸ. ಅನ್‌ರಿಯಲ್ ಇಂಜಿನ್‌ನಲ್ಲಿ ಇದು ಮೊದಲೇ ಇದೆ, ಯೂನಿಟಿಯಲ್ಲಿ ನೀನೇ ನಾಲ್ಕು ಸಾಲು ಬರೆಯಬೇಕು. ಎದುರಿಗೆ ಕೂತ ಕೆಲಸಗಾರನಿಗೆ ಮಾತ್ರ ಯಾವ ಕಡಿತವೂ ಬೇಡ. ಉಳಿಸಿದ್ದೆಲ್ಲ ಅವನಿಗೆ ಖರ್ಚು ಮಾಡು.


ನೆರಿಗೆ_ಲೆಕ್ಕ:

ಶಹಾಪುರದ ಅಣ್ಣಾ, ನಿಮ್ಮ ಲೆಕ್ಕ ಪ್ಯಾಂಟು ಹಾಕಿದವರಿಗೆ ಸರಿ. ಸೀರೆ ಉಟ್ಟವರನ್ನು ಏನು ಮಾಡುತ್ತೀರಿ?

ನಾನು ಕಲಬುರಗಿಯಲ್ಲಿ ತ್ರೀಡಿ ಮಾಡೆಲಿಂಗ್ ಮಾಡುತ್ತೇನೆ. ಆ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಇಳಕಲ್ ಸೀರೆ ಉಟ್ಟು ಬರುವ ಹೆಣ್ಣುಮಗಳು ಹೆಜ್ಜೆ ಇಟ್ಟಾಗಲೆಲ್ಲ ಸೀರೆ ಎರಡು ಕಾಲಿನ ನಡುವೆ ಬಾವಲಿ ರೆಕ್ಕೆಯಂತೆ ಚಾಚಿಕೊಳ್ಳುತ್ತದೆ. ಧೋತರದ ಅಜ್ಜನದೂ ಅದೇ ಕಥೆ. ತಪ್ಪು ತಮ್ಮನದಲ್ಲ, ರಿಗ್ಗಿನದು. ಆ ರಿಗ್ ಮಾಡಿದವರ ತಲೆಯಲ್ಲಿ ಮನುಷ್ಯ ಅಂದರೆ ಪ್ಯಾಂಟು ತೊಟ್ಟವನು. ಸೀರೆಯ ಎಡಭಾಗ ಎಡತೊಡೆಗೆ ಅಂಟುತ್ತದೆ, ಬಲಭಾಗ ಬಲತೊಡೆಗೆ. ನಡುವಿನ ನೆರಿಗೆ ಯಾರ ಮಾತು ಕೇಳಬೇಕು ಗೊತ್ತಾಗದೆ ಹರಿದುಕೊಳ್ಳುತ್ತದೆ.

ನೆರಿಗೆಗೆ ಬೇರೆ ಬೋನ್ ಹಾಕಿ ನೋಡಿದ್ದೇನೆ, ಮುಂದೆ ಮೂರು ಹಿಂದೆ ಎರಡು. ಪರವಾಗಿಲ್ಲ ಅನ್ನೋ ಮಟ್ಟಿಗೆ ಬರುತ್ತದೆ. ಆದರೆ ತಲೆ ಮೇಲಿನ ಸೆರಗು ಬರೋದಿಲ್ಲ. ಅದು ಗಾಳಿಗೆ ಸ್ವಲ್ಪ ಉಬ್ಬಬೇಕು, ಹೆಗಲ ಹತ್ತಿರ ಬೀಳಬೇಕು, ಕೈ ಎತ್ತಿದಾಗ ಎಳೆಯಬೇಕು.

ಹಾಗಾಗಿ ಸೀರೆ, ಧೋತರದವರಿಗೆ ಬೋನ್ ಬಿಟ್ಟುಬಿಡಿ. ಬ್ಲೆಂಡರ್ ಅನ್ನೋ ತ್ರೀಡಿ ಸಾಫ್ಟ್‌ವೇರ್‌ನಲ್ಲಿ ಬಟ್ಟೆ ಸಿಮ್ಯುಲೇಶನ್ ಒಂದು ರಾತ್ರಿ ಓಡಿಸಿ, ಬಂದ ಫಲಿತಾಂಶವನ್ನು ಪ್ರತಿ ವರ್ಟೆಕ್ಸ್ (ತ್ರಿಕೋನದ ಮೂಲೆ) ಎಲ್ಲಿದೆ ಅಂತ ನೇರ ಟೆಕ್ಸ್ಚರ್‌ಗೆ ಬರೆಯಿರಿ. 3,000 ವರ್ಟೆಕ್ಸ್, 36 ಫ್ರೇಮ್ ಅಂದರೆ 1,08,000 ಪಿಕ್ಸೆಲ್, ಸುಮಾರು 850 ಕೆಬಿ. ನಾರ್ಮಲ್ (ಮೇಲ್ಮೈ ಯಾವ ಕಡೆ ಮುಖ ಮಾಡಿದೆ ಅನ್ನೋದು) ಕೂಡ ಬರೆದರೆ ಅದರ ಎರಡರಷ್ಟು. 21 ಕೆಬಿ ಎಲ್ಲಿ ಇದೆಲ್ಲಿ ಅನ್ನಬೇಡಿ, ಇಲ್ಲಿ ಶೇಡರ್ ಕೆಲಸ ಕಡಿಮೆ. ಬೋನ್ ವೇಟ್ ಕೂಡಿಸಿ ಗುಣಿಸಿ ಮಾಡೋದೇನಿಲ್ಲ, ಇದ್ದ ಜಾಗ ಓದಿ ಅಲ್ಲಿ ಇಡೋದು ಅಷ್ಟೇ. ಲ್ಯಾಪ್‌ಟಾಪ್ ಒಂದು ರಾತ್ರಿ ಒದ್ದಾಡಿದ ಬಟ್ಟೆ ಹೆಡ್‌ಸೆಟ್‌ಗೆ ಪುಕ್ಕಟೆ ಸಿಗುತ್ತದೆ.

ನಾನು ಬಿದ್ದ ಗುಂಡಿ ಹೇಳುತ್ತೇನೆ, ನೀವು ಬೀಳಬೇಡಿ. ಬ್ಲೆಂಡರ್ 2,600 ವರ್ಟೆಕ್ಸ್ ಅಂತ ತೋರಿಸಿದ್ದು ಯೂನಿಟಿಗೆ ಬಂದಾಗ 3,400 ಆಗಿತ್ತು. ಯುವಿ, ಅಂದರೆ ಟೆಕ್ಸ್ಚರ್ ಅಂಟಿಸೋ ನಕ್ಷೆ, ಅದರ ಹೊಲಿಗೆ ಇದ್ದಲ್ಲೆಲ್ಲ ಒಂದು ವರ್ಟೆಕ್ಸ್ ಎರಡಾಗುತ್ತದೆ, ಕ್ರಮವೂ ಬದಲಾಗುತ್ತದೆ. ಯಾರ ನಂಬರ್ ಯಾವುದು ಅಂತ ಎರಡನೇ ಯುವಿಯಲ್ಲಿ ಬರೆದಿಡಿ. ನಾನು ಬರೆದಿರಲಿಲ್ಲ. ಮೊದಲ ಸಲ ಪ್ಲೇ ಒತ್ತಿದಾಗ ಹೆಣ್ಣುಮಗಳ ಜಾಗದಲ್ಲಿ ಹುರಿದ ಹಪ್ಪಳ ನಡೆದುಬಂತು.

ಅಂದಹಾಗೆ ತಮ್ಮ, ಆಕೆ ಸೆರಗನ್ನು ಎಡಗಡೆಯಿಂದ ತಲೆಗೆ ಹೊದ್ದಿರೋದು ಚೆನ್ನಾಗಿದೆ. ಯಾರು ಮಾಡೆಲ್ ಮಾಡಿದ್ದು?


ಚೌಬಾರಾ_ಹುಡುಗ:

ಅಕ್ಕ, ಅದು ನಮ್ಮ ಟೀಮಿನ ಹುಡುಗಿ ಮಾಡಿದ್ದು. ಅವಳ ಅವ್ವನನ್ನು ನಿಲ್ಲಿಸಿ ಸುತ್ತ ಫೋಟೋ ತೆಗೆದಿದ್ದಳು. ನಿಮ್ಮ ಮಾತು ತೋರಿಸಿದೆ, ಹಿಗ್ಗಿಬಿಟ್ಟಳು.

ಮೂರು ದಿನದ ವರದಿ. ತೊಗರಿ ಅಣ್ಣ ಹೇಳಿದ ಎರಡೂ ಪರೀಕ್ಷೆ ಮಾಡಿದೆವು. ರೆಂಡರ್ ಸ್ಕೇಲ್ ಅರ್ಧ ಮಾಡಿದರೆ 34ರಿಂದ 36. ಅನಿಮೇಟರ್ ಆಫ್ ಮಾಡಿದರೆ 34ರಿಂದ 55! ಕಳ್ಳ ಸಿಕ್ಕ. ಬೆರಳು ಕತ್ತರಿಸಿ, ಮೆಶ್ ಸೇರಿಸಿ, ನೆರಳು ತೆಗೆದಾಗ ಅನಿಮೇಟರ್ ಆನ್ ಇದ್ದರೂ 58 ಬಂತು.

ಆಮೇಲೆ ಬೋನ್ ಟೆಕ್ಸ್ಚರ್ ಮಾಡಲು ಹೋದೆವು. ಈಗ ಎರಡು ಹೊಸ ಕಾಟ. ಒಂದು, ಜನ ಎಡಗಣ್ಣಿಗೆ ಮಾತ್ರ ಕಾಣುತ್ತಾರೆ. ಬಲಗಣ್ಣಿಗೆ ರಸ್ತೆ ಖಾಲಿ. ಗೆಳೆಯ ಹಾಕಿಕೊಂಡು ಒಂದು ಕಣ್ಣು ಮುಚ್ಚಿ ದೆವ್ವ ದೆವ್ವ ಅಂತ ಕೂಗುತ್ತಿದ್ದ. ಎರಡು, ಜನರ ಮುಖ ನಡುಗುತ್ತದೆ, ಮೊಣಕೈ ಹಾವಿನಂತೆ ಹೊರಳುತ್ತದೆ.


ಶಹಾಪುರ_ಬೆಟ್ಟ:

ಎರಡೂ ಎಲ್ಲರಿಗೂ ಬರೋ ಕಾಯಿಲೆ, ಹೆದರಬೇಡ.

ಎಡಗಣ್ಣಿನದು: ಹೆಡ್‌ಸೆಟ್ ಎರಡು ಕಣ್ಣಿನ ಚಿತ್ರವನ್ನೂ ಒಂದೇ ಸಲಕ್ಕೆ ಬಿಡಿಸುತ್ತದೆ. ಯಾವ ಕಣ್ಣಿಗೆ ಅನ್ನೋದನ್ನು ನಿನ್ನ ಶೇಡರ್ ಮುಂದಕ್ಕೆ ದಾಟಿಸಬೇಕು. ಕೈಯಾರೆ ಬರೆದ ಶೇಡರ್‌ನಲ್ಲಿ ಅದಕ್ಕಿರೋ ಸ್ಟೀರಿಯೋ ಮ್ಯಾಕ್ರೋ (ಸಿದ್ಧ ಕೋಡ್ ತುಣುಕು) ಬಿಟ್ಟುಹೋಗಿದೆ. ವರ್ಟೆಕ್ಸ್ ಭಾಗದ ಮೊದಲಲ್ಲಿ ಸೇರಿಸು, ಔಟ್‌ಪುಟ್ ಸ್ಟ್ರಕ್ಟ್‌ನಲ್ಲೂ ಸೇರಿಸು.

ನಡುಕದ್ದು: ಆಂಡ್ರಾಯ್ಡ್ ಬಿಲ್ಡ್ ಅಂದ ಕೂಡಲೇ ಯೂನಿಟಿ ಟೆಕ್ಸ್ಚರ್‌ಗಳನ್ನು ಕಂಪ್ರೆಸ್ ಮಾಡುತ್ತದೆ. ಫೋಟೋಗೆ ಒಳ್ಳೇದು, ನಿನ್ನದು ಫೋಟೋ ಅಲ್ಲ, ಲೆಕ್ಕದ ಪುಸ್ತಕ. ಕಂಪ್ರೆಷನ್ ಆಫ್, ಎಸ್‌ಆರ್‌ಜಿಬಿ ಆಫ್, ಮಿಪ್‌ಮ್ಯಾಪ್ ಆಫ್, ಫಿಲ್ಟರ್ ಪಾಯಿಂಟ್. ಮೆಶ್ಶಿನ ಬೌಂಡ್ಸ್ (ಸುತ್ತಲ ಗಡಿ ಪೆಟ್ಟಿಗೆ) ಕೂಡ ದೊಡ್ಡದು ಮಾಡಿಡು, ಇಲ್ಲದಿದ್ದರೆ ನೋಟದ ಅಂಚಿಗೆ ಬಂದವರು ಪಟ್ಟನೆ ಮಾಯ ಆಗುತ್ತಾರೆ. ನಿಮ್ಮ ಗೆಳೆಯ ಮತ್ತೆ ಕೂಗುತ್ತಾನೆ.


ಕರಿಮಣ್ಣು:

ಈ ಎಫ್‌ಪಿಎಸ್ ಎಲ್ಲ ನನಗೆ ತಿಳಿಯೋದಿಲ್ಲ. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಬಿದ್ರಿ ಕೆಲಸ. ಮಗ ಈ ವಿಡಿಯೋ ತೋರಿಸಿದ. ಅಂಗಡಿ ಬಾಗಿಲು, ಮೆಟ್ಟಿಲು ಎಲ್ಲ ಥೇಟ್ ನಮ್ಮ ಓಣಿ. ಆದರೆ ನಿಮ್ಮ ಮನುಷ್ಯನಿಗೆ ಕೆಲಸ ಬರೋದಿಲ್ಲ.

ಅವನು ಭುಜದಿಂದ ಹೊಡೆಯುತ್ತಾನೆ. ಹಾಗೆ ಕಮ್ಮಾರ ಹೊಡೆಯುತ್ತಾನೆ. ನಮ್ಮ ಸುತ್ತಿಗೆ ಸಣ್ಣದು, ಪೆಟ್ಟೂ ಸಣ್ಣದು. ಬಲಗೈ ಮಣಿಕಟ್ಟು ಮಾತ್ರ ಆಡುತ್ತದೆ, ಮೊಣಕೈ ಹೊಟ್ಟೆ ಹತ್ತಿರ ಸುಮ್ಮನೆ ಇರುತ್ತದೆ. ಟಕ್ ಟಕ್ ಟಕ್ ಟಕ್, ನಾಲ್ಕೈದು ಪೆಟ್ಟು, ನಿಲ್ಲಿಸಿ ಪುಡಿ ಊದಬೇಕು, ಮತ್ತೆ ಶುರು. ಎಡಗೈಯ ಉಳಿ ಒಂದೇ ಕಡೆ ನಿಲ್ಲೋದಿಲ್ಲ, ಪ್ರತಿ ಪೆಟ್ಟಿಗೂ ಕೂದಲೆಳೆಯಷ್ಟು ಮುಂದೆ ಹೋಗುತ್ತದೆ. ಬಳ್ಳಿ ಬಾಗಿದ ಕಡೆ ಕೈ ತಿರುಚಿಕೊಳ್ಳೋದಿಲ್ಲ, ಹೂದಾನಿಯನ್ನೇ ತಿರುಗಿಸುತ್ತೇವೆ. ಕಣ್ಣು ಸುತ್ತಿಗೆ ಮೇಲೆ ಇರಬಾರದು, ಉಳಿಯ ತುದಿ ಮೇಲೆ ಇರಬೇಕು. ನಿಮ್ಮವನು ಎಲ್ಲೋ ಗೋಡೆ ನೋಡುತ್ತಾ ಹೊಡೆಯುತ್ತಿದ್ದಾನೆ. ಬೆರಳು ಹೋಗುತ್ತದೆ.

ಇನ್ನೊಂದು. ಹೂದಾನಿ ಕಪ್ಪಗೆ ಮಿರಿಮಿರಿ ಮಿಂಚುತ್ತಿದೆ. ಕೆತ್ತುವಾಗ ಆ ಕಪ್ಪು ಇರೋದಿಲ್ಲ. ಸತುವು ಜಾಸ್ತಿ, ತಾಮ್ರ ಸ್ವಲ್ಪ, ಎರಡನ್ನೂ ಕರಗಿಸಿ ಎರಕ ಹೊಯ್ದ ಮೇಲೆ ಅದರ ಬಣ್ಣ ಬೂದಿ ಬೆಳ್ಳಿಯಂತೆ. ಗೆರೆ ಕಾಣಲಿ ಅಂತ ಮೈಲುತುತ್ತದ ನೀರು ಹಚ್ಚಿ ಮಂಕು ಕಪ್ಪು ಮಾಡಿಕೊಳ್ಳುತ್ತೇವೆ. ಅದರ ಮೇಲೆ ಬಳ್ಳಿ ಬರೆದು, ಕೆತ್ತಿ, ಬೆಳ್ಳಿ ತಂತಿ ಕೂರಿಸಿ, ಉಜ್ಜುತ್ತೇವೆ. ಎಲ್ಲ ಮುಗಿದ ಮೇಲೆ ಕೊನೆಗೆ ಕೋಟೆ ಮಣ್ಣು, ನವಸಾಗರ ಕಲಸಿ ಕಾಯಿಸಿ ಹಚ್ಚಿದಾಗ ಆ ಗಾಢ ಕಪ್ಪು ಬರುತ್ತದೆ. ಬೆಳ್ಳಿಗೆ ಏನೂ ಆಗೋದಿಲ್ಲ, ಹಾಗೇ ಬೆಳ್ಳಗೆ ಉಳಿಯುತ್ತದೆ. ನೀವು ಮದುವೆ ಮುಗಿಸಿ ಆಮೇಲೆ ಹೆಣ್ಣು ನೋಡಲು ಹೋದಂತಿದೆ.

ಬೇಕಾದರೆ ಬನ್ನಿ, ಕೂತು ವಿಡಿಯೋ ಮಾಡಿಕೊಳ್ಳಿ. ಚಹಾ ನಮ್ಮದು.


ಶಹಾಪುರ_ಬೆಟ್ಟ:

ಕರಿಮಣ್ಣು ಅವರ ಮಾತು ಈ ಇಡೀ ಚರ್ಚೆಗೆ ತೂಕ ತಂದಿತು. ತಮ್ಮ, ನಾಳೆಯೇ ಹೋಗು. ನಾನು ಅದನ್ನು ರಿಗ್ಗಿನ ಭಾಷೆಗೆ ಇಳಿಸುತ್ತೇನೆ.

ನೀವು ಕೈ ಅನಿಮೇಟ್ ಮಾಡಿ, ಕೈಗೆ ಉಳಿ ಅಂಟಿಸಿದ್ದೀರಿ. ಉಲ್ಟಾ ಮಾಡಿ. ಹೂದಾನಿ ಮೇಲಿನ ಬಳ್ಳಿಯನ್ನೇ ಒಂದು ಸ್ಪ್ಲೈನ್ (ಬಾಗು ಗೆರೆ) ಮಾಡಿ, ಉಳಿ ತುದಿ ಅದರ ಮೇಲೆ ಪ್ರತಿ ಪೆಟ್ಟಿಗೆ ಅರ್ಧ ಮಿಲಿಮೀಟರ್ ಸರಿಯಲಿ. ಸುತ್ತಿಗೆ ಉಳಿಯ ತಲೆಗೆ ಬಂದು ಬಡಿಯಲಿ. ಎರಡೂ ಕೈ ಐಕೆ (ಇನ್ವರ್ಸ್ ಕೈನೆಮ್ಯಾಟಿಕ್ಸ್, ಅಂಗೈ ಇರೋ ಜಾಗದಿಂದ ತೋಳಿನ ಬಾಗು ಹುಡುಕೋ ಲೆಕ್ಕ) ಮೂಲಕ ಆ ಸಾಮಾನುಗಳ ಹಿಂದೆ ಹೋಗಲಿ. ಆಗ ಪೆಟ್ಟು ಗಾಳಿಗೆ ಬೀಳೋದಿಲ್ಲ, ಶಬ್ದವನ್ನೂ ಬಡಿದ ಫ್ರೇಮಿಗೇ ಕಟ್ಟಬಹುದು. ಐಕೆ ಅಂದರೆ ಹೆದರಬೇಡ. ತೋಳು ಎರಡು ಎಲುಬು, ಭುಜ ಗೊತ್ತು, ಮಣಿಕಟ್ಟು ಗೊತ್ತು. ಮೂರು ಬದಿಯ ತ್ರಿಕೋನ, ಪಿಯುಸಿಯಲ್ಲಿ ಓದಿದ ಕೊಸೈನ್ ಸೂತ್ರ, ಮುಗಿಯಿತು. ಮೊಣಕೈ ಯಾವ ಕಡೆ ಅನ್ನೋದು ಮಾತ್ರ ಸೂತ್ರ ಹೇಳೋದಿಲ್ಲ. ಅದಕ್ಕೆ ಹೊಟ್ಟೆ ಪಕ್ಕ ಒಂದು ಪೋಲ್ ಟಾರ್ಗೆಟ್, ಅಂದರೆ ಮೊಣಕೈ ತಿರುಗಬೇಕಾದ ಗುರುತು, ಇಡು. ಅವರೇ ಹೇಳಿದರಲ್ಲ.

ಈಗ ಚಿಗವ್ವನ ಮೇಣದ ಕೈ. ವಿಡಿಯೋದಲ್ಲಿ 0:14ಕ್ಕೆ ನಿಲ್ಲಿಸಿ ಬಲ ಮಣಿಕಟ್ಟು ನೋಡು. ಅಂಗೈ ತಿರುಗಿದಾಗ ಮಣಿಕಟ್ಟು ಒದ್ದೆ ಬಟ್ಟೆ ಹಿಂಡಿದಂತೆ ಸಣ್ಣಗಾಗುತ್ತದೆ. ಮಾಮೂಲಿ ಸ್ಕಿನ್ನಿಂಗ್ (ಬೋನ್ ಜೊತೆ ಚರ್ಮ ಸರಿಸೋದು) ಎರಡು ಬೋನಿನ ಸ್ಥಾನಗಳ ಸರಾಸರಿ ತೆಗೆಯುತ್ತದೆ. ತಿರುವು ಜಾಸ್ತಿ ಆದಷ್ಟೂ ಆ ಸರಾಸರಿ ಎಲುಬಿನ ಕಡೆ ಒಳಗೆ ಕುಸಿಯುತ್ತದೆ. ನಿಜವಾದ ಕೈಯಲ್ಲಿ ಹಾಗಲ್ಲ. ಈಗಲೇ ನಿನ್ನ ಮುಂಗೈ ಹಿಡಿದುಕೊಂಡು ಅಂಗೈ ತಿರುಗಿಸಿ ನೋಡು, ಮೊಣಕೈ ತನಕ ಚರ್ಮ ಸ್ವಲ್ಪ ಸ್ವಲ್ಪವಾಗಿ ತಿರುಗುತ್ತದೆ. ಅದಕ್ಕೆ ಮುಂಗೈಗೆ ಒಂದು ಅಥವಾ ಎರಡು ಟ್ವಿಸ್ಟ್ ಬೋನ್ ಹಾಕು, ಮಣಿಕಟ್ಟಿನ ತಿರುವಿನಲ್ಲಿ ಅರ್ಧ ಅದಕ್ಕೆ ಹಂಚು. ಡ್ಯುಯಲ್ ಕ್ವಾಟರ್ನಿಯನ್ ಅಂತ ಬೇರೆ ದಾರಿ ಇದೆ, ಒಬ್ಬನ ಒಂದು ಮಣಿಕಟ್ಟಿಗೆ ಅಷ್ಟು ದೂರ ಹೋಗಬೇಕಿಲ್ಲ.

ಉಗುರಿನ ಕೊಳೆ ತನಕ ಟೆಕ್ಸ್ಚರ್ ನಿಜ, ಚಲನೆ ಮಾತ್ರ ಗೊಂಬೆಯದು. ಈ ಎರಡರ ನಡುವಿನ ಅಂತರವೇ ಮೈ ಜುಮ್ಮೆನ್ನಿಸುತ್ತದೆ. ಜಪಾನಿನ ಮಸಾಹಿರೋ ಮೋರಿ 1970ರಲ್ಲೇ ರೋಬೋಟ್‌ಗಳ ಬಗ್ಗೆ ಇದನ್ನು ಬರೆದಿದ್ದರು. ಮನುಷ್ಯನ ಹತ್ತಿರ ಹತ್ತಿರ ಬಂದು ಪೂರ್ತಿ ಆಗದೆ ಉಳಿದ ಗೊಂಬೆ, ಬರೀ ಗೊಂಬೆಗಿಂತ ಜಾಸ್ತಿ ಹೆದರಿಸುತ್ತದೆ ಅಂತ. ಚಿಗವ್ವನೂ ಅದನ್ನೇ ಹೇಳಿದ್ದು, ಒಂದೇ ಸಾಲಿನಲ್ಲಿ.

ಕಣ್ಣಿಗೆ ಎರಡು ಬೋನ್ ಸಾಕು. ಹೆಚ್ಚು ಹೊತ್ತು ಉಳಿ ತುದಿ, ಪುಡಿ ಊದುವಾಗ ಕಣ್ಣು ಕಿರಿದು, ಗಿರಾಕಿ ಮುಂದೆ ಬಾಗಿದರೆ ಒಂದು ಸಲ ಮೇಲೆತ್ತಿ ನೋಡಲಿ. ನಿಮಿಷಕ್ಕೆ 15ರಿಂದ 20 ಸಲ ರೆಪ್ಪೆ ಬಡಿಯಲಿ, ಗಡಿಯಾರದಂತೆ ಬೇಡ, ಅಲ್ಲೊಂದು ಇಲ್ಲೊಂದು. ಇಷ್ಟಕ್ಕೆಲ್ಲ ಸೇರಿ ಅರ್ಧ ಮಿಲಿಸೆಕೆಂಡೂ ಹಿಡಿಯಬಾರದು.

ಅವರಲ್ಲಿ ಹೋದಾಗ ಹೆಡ್‌ಸೆಟ್‌ನ ಹ್ಯಾಂಡ್ ಟ್ರ್ಯಾಕಿಂಗ್‌ನಲ್ಲೇ ರೆಕಾರ್ಡ್ ಮಾಡುತ್ತೇವೆ ಅಂತ ಹೊರಡಬೇಡಿ. ಅದು ಕ್ಯಾಮೆರಾದಿಂದ ನೋಡೋದು. ಒಂದು ಕೈ ಇನ್ನೊಂದನ್ನು ಮರೆ ಮಾಡಿದರೆ, ಕೈಯಲ್ಲಿ ಸುತ್ತಿಗೆ ಇದ್ದರೆ, ತಬ್ಬಿಬ್ಬಾಗುತ್ತದೆ. ಎರಡು ಫೋನ್ ಇಡಿ, ಒಂದು ಎದುರಿಗೆ ಒಂದು ಪಕ್ಕಕ್ಕೆ. ಆಮೇಲೆ ನೋಡಿಕೊಂಡು ಕೈಯಾರೆ ಕೀಫ್ರೇಮ್ (ಭಂಗಿಯ ಗುರುತು) ಇಡಿ.


ಚೌಬಾರಾ_ಹುಡುಗ:

ಹತ್ತು ದಿನ ಆಯಿತು, ಕ್ಷಮಿಸಿ, ನಡುವೆ ಇಂಟರ್ನಲ್ಸ್ ಇತ್ತು.

ಕರಿಮಣ್ಣು ಅಣ್ಣನ ಮನೆಗೆ ಹೋಗಿ ಎರಡು ಗಂಟೆ ಕೂತಿದ್ದೆವು. ಚಹಾ ಮೂರು ಸಲ ಆಯಿತು. ವಿಡಿಯೋ ನಿಧಾನಕ್ಕೆ ಓಡಿಸಿ ನೋಡಿದಾಗ ಕಂಡಿದ್ದು ಏನೆಂದರೆ, ಪೆಟ್ಟು ಬೀಳೋ ಒಂದು ಕ್ಷಣ ಮುಂಚೆ ಎಡಗೈ ಹೆಬ್ಬೆರಳು ಉಳಿಯನ್ನು ಬಿಗಿ ಹಿಡಿಯುತ್ತದೆ, ಬಿದ್ದ ಮೇಲೆ ಸಡಿಲ ಬಿಡುತ್ತದೆ. ಅದನ್ನು ಅವರಿಗೆ ತೋರಿಸಿದರೆ ಅವರಿಗೇ ಗೊತ್ತಿರಲಿಲ್ಲ! ಹೆಬ್ಬೆರಳಿಗೆ ಎರಡೇ ಕೀಫ್ರೇಮ್ ಹಾಕಿದೆವು. ಕೈಗೆ ಜೀವ ಬಂತು.

ಈಗಿನ ಲೆಕ್ಕ: ರಸ್ತೆಯಲ್ಲಿ 36, ಅದರಲ್ಲಿ ಸೀರೆ, ಧೋತರದ 11 ಜನ ವರ್ಟೆಕ್ಸ್ ಟೆಕ್ಸ್ಚರ್, ಉಳಿದವರು ಬೋನ್ ಟೆಕ್ಸ್ಚರ್. ಮೆಟ್ಟಿಲ ಹತ್ತಿರ 5 ಜನ ಎರಡು ಫ್ರೇಮಿಗೊಮ್ಮೆ. ಕೆಲಸಗಾರ ಒಬ್ಬ, 65 ಬೋನ್ ಜೊತೆಗೆ ನಾಲ್ಕು ಟ್ವಿಸ್ಟ್ ಬೋನ್, ಪೂರ್ತಿ ವೇಗ. 72 ಎಫ್‌ಪಿಎಸ್ ಕದಲೋದಿಲ್ಲ. ಫ್ಯಾನಿಲ್ಲದೆ 20 ನಿಮಿಷ ಆದ ಮೇಲೆ 67ಕ್ಕೆ ಇಳಿಯಿತು, ರೆಂಡರ್ ಸ್ಕೇಲ್ 0.9 ಮಾಡಿದ ಮೇಲೆ ಅದೂ ನಿಂತಿತು.

ಚಿಗವ್ವ ಮತ್ತೆ ಹಾಕಿಕೊಂಡಳು. ಹತ್ತು ನಿಮಿಷ ಕೂತಳು. ಕೈ ಬಗ್ಗೆ ಏನೂ ಅನ್ನಲಿಲ್ಲ. ಮುಂದೆ ಬಾಗಿದಳು, ಕೆಲಸಗಾರ ಕಣ್ಣೆತ್ತಿ ನೋಡಿದ, ಇವಳು "ಇದಕ್ಕೆಷ್ಟ್ರೀ?" ಅಂದಳು. ಆಮೇಲೆ ತಾನೇ ನಕ್ಕಳು.

ಒಂದೇ ಒಂದು ಉಳಿದಿದೆ. ಮೆಟ್ಟಿಲ ಹತ್ತಿರದ ಐದು ಜನ ನಾವು ಬೇರೆ ಕಡೆ ತಿರುಗಿದಾಗ ಮುಂದೆ ಹೋಗೋದಿಲ್ಲ. ಐದು ನಿಮಿಷ ಕೆಲಸಗಾರನನ್ನು ನೋಡಿ ಹಿಂದೆ ತಿರುಗಿದರೆ ಅದೇ ಜನ ಅದೇ ಮೆಟ್ಟಿಲ ಹತ್ತಿರ ಬಸ್ಸಿಗೆ ಕಾಯುವವರಂತೆ ನಿಂತಿರುತ್ತಾರೆ.


ತೊಗರಿ_ಕಣಜ:

ಕಲ್ಲಿಂಗ್ ಮೋಡ್ ಕಲ್ ಕಂಪ್ಲೀಟ್ಲಿ ಇಟ್ಟು, ರೂಟ್ ಮೋಷನ್ (ಅನಿಮೇಷನ್ನೇ ಮನುಷ್ಯನನ್ನು ಮುಂದೆ ಒಯ್ಯೋದು) ಆನ್ ಬಿಟ್ಟಿದ್ದೀಯ. ಕಾಣದವರ ಅನಿಮೇಷನ್ ನಿಂತರೆ ಅವರ ನಡಿಗೆಯೂ ನಿಲ್ಲುತ್ತದೆ. ರೂಟ್ ಮೋಷನ್ ಆಫ್ ಮಾಡಿ ಸ್ಕ್ರಿಪ್ಟ್‌ನಿಂದಲೇ ಮುಂದೆ ಸರಿಸು. ಕೈಕಾಲು ನಿಂತರೂ ಮನುಷ್ಯ ಸಾಗಲಿ, ನೋಡುವವರು ಯಾರೂ ಇಲ್ಲವಲ್ಲ. 20 ನಿಮಿಷದ ಲೆಕ್ಕ ಬರೆದಿದ್ದು ನೋಡಿ ಖುಷಿ ಆಯಿತು.


ಚೌಬಾರಾ_ಹುಡುಗ:

ಸರಿಹೋಯಿತು ಅಣ್ಣ. ಹೊಸ ವಿಡಿಯೋ ಹಾಕಿದ್ದೇನೆ, ಎಲ್ಲರೂ ನೋಡಿ.


ಕರಿಮಣ್ಣು:

ನೋಡಿದೆ. ಪೆಟ್ಟು ಸರಿಯಾಗಿದೆ, ಊದೋದೂ ಸರಿಯಾಗಿದೆ. ಹೂದಾನಿ ಇನ್ನೂ ಕಪ್ಪಗೇ ಇದೆಯಲ್ಲ ತಮ್ಮ.